ದೇವರು ಹೊರಬರುವ ದಿನ

ಮಾಘಮಾಸದ ಶುಕ್ಲಪಕ್ಷ ಅರ್ಧ ಕಳೆಯಿತೆಂದರೆ ಕೃಷ್ಣಾತೀರದ ದಾರಿಗಳಿಗೆ ನಿದ್ರೆಯೆಂಬುದಿಲ್ಲ. ಅಥಣಿಯ ಕಡೆಯಿಂದ, ಕಾಗವಾಡದ ಕಡೆಯಿಂದ, ಮಿರಜ ಸಾಂಗಲಿಗಳ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ. ಎತ್ತುಗಳ ಕೊರಳ ಗೆಜ್ಜೆಯ ಸದ್ದು ಮೊದಲು ಕೇಳಿಸುತ್ತದೆ. ಬಳಿಕ ಡೊಳ್ಳಿನ ಸದ್ದು. ಆಮೇಲೆ ಬೆಳುದಿಂಗಳಲ್ಲಿ ಕೊಲ್ಲಾರಿ ಕಟ್ಟಿದ ಬಂಡಿಗಳ ಆಕಾರ ಕಣ್ಣಿಗೆ ಬೀಳುತ್ತದೆ. ಎಲ್ಲರ ಮುಖವೂ ಒಂದೇ ಊರಿನತ್ತ. ಅದು ರಾಯಬಾಗ ತಾಲ್ಲೂಕಿನ ಚಿಂಚಲಿ. ಭಾರತ ಹುಣ್ಣಿಮೆಯಂದು ಅಲ್ಲಿ ಮಾಯಕ್ಕದೇವಿಯ ಜಾತ್ರೆ. ಈಗ ಚಕ್ಕಡಿಗಳ ನಡುವೆ ಟ್ರ್ಯಾಕ್ಟರು, ಟೆಂಪೋಗಳೂ ಸೇರಿಕೊಂಡಿವೆ. ಚಿಂಚಲಿಗೆ ರೈಲುನಿಲ್ದಾಣವೂ ಉಂಟು. ಆದರೂ ನಡೆದೇ ಹೋಗುವವರು, ಎತ್ತು ಕಟ್ಟಿಕೊಂಡೇ ಹೋಗುವವರು ಇಂದಿಗೂ ಇದ್ದಾರೆ.

ಜಾತ್ರೆ ಎಂಬ ಮಾತು ಯಾತ್ರೆ ಎಂಬುದರಿಂದ ಬಂದುದು. ಯಾತ್ರೆಯೆಂದರೆ ಪ್ರಯಾಣ. ಇಲ್ಲಿ ಪ್ರಯಾಣ ಮಾಡುವವರು ಭಕ್ತರು ಮಾತ್ರವೆಂದು ನಾವು ತಿಳಿಯುತ್ತೇವೆ. ದೇವರೂ ಪ್ರಯಾಣ ಮಾಡುತ್ತಾನೆ. ವರ್ಷವಿಡೀ ಗರ್ಭಗುಡಿಯ ಮಬ್ಬಿನಲ್ಲಿದ್ದ ದೇವರು ಆ ಒಂದು ದಿನ ಪಲ್ಲಕ್ಕಿಯನ್ನೋ ತೇರನ್ನೋ ಏರಿ ಬೀದಿಗೆ ಬರುತ್ತಾನೆ. ಗುಡಿಯ ಹೊಸ್ತಿಲನ್ನು ದಾಟಲು ಒಂದು ಕಾಲಕ್ಕೆ ಅವಕಾಶವಿಲ್ಲದಿದ್ದವರೂ, ಹಾಸಿಗೆ ಹಿಡಿದವರೂ, ಮನೆಯ ಮುಂದೆ ಕುಳಿತ ಮುದುಕಿಯೂ ಅಂದು ದೇವರನ್ನು ಕಾಣುತ್ತಾರೆ. ನನ್ನ ಮಟ್ಟಿಗೆ ಜಾತ್ರೆಯ ತಿರುಳು ಇಲ್ಲಿದೆ. ಅಂಗಡಿ, ತೊಟ್ಟಿಲು, ಬೆಂಡು-ಬತ್ತಾಸುಗಳೆಲ್ಲ ಅದರ ಸುತ್ತ ಬೆಳೆದವು.

ಈ ಭಾವನೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಬಹುದೂರದ ಜಪಾನು ದೇಶದ ಹಳ್ಳಿಗಳಲ್ಲಿ 'ಮತ್ಸುರಿ' ಎಂಬ ಉತ್ಸವಗಳು ನಡೆಯುತ್ತವೆ. ಅಲ್ಲಿಯ ಶಿಂತೋ ಗುಡಿಗಳ ದೇವತೆಗೆ 'ಕಾಮಿ' ಎಂದು ಹೆಸರು. ಉತ್ಸವದ ದಿನ ಕಾಮಿಯನ್ನು 'ಮಿಕೊಶಿ' ಎಂಬ, ಗುಡಿಯದೇ ಆಕಾರದ ಪಲ್ಲಕ್ಕಿಗೆ ಬರಮಾಡಿಕೊಂಡು ಊರ ತರುಣರು ಹೆಗಲ ಮೇಲೆ ಹೊತ್ತು ಬೀದಿಬೀದಿ ತಿರುಗುತ್ತಾರೆ. ಹೊತ್ತವರು ಅದನ್ನು ಮೆಲ್ಲನೆ ಒಯ್ಯುವುದಿಲ್ಲ; ಕುಲುಕುತ್ತಾರೆ, ಮೇಲೆ ಕೆಳಗೆ ಆಡಿಸುತ್ತಾರೆ, ಒಕ್ಕೊರಲಿನಿಂದ ಕೂಗುತ್ತಾರೆ. ಪಲ್ಲಕ್ಕಿ ಅಡ್ಡಾದಿಡ್ಡಿ ಓಡಿದರೆ ಅದು ಹೊತ್ತವರ ಕಾಲಿನ ತಪ್ಪಲ್ಲ, ದೇವರ ಇಚ್ಛೆ ಎನ್ನುತ್ತಾರೆ. ನಮ್ಮ ಭಾಗದಲ್ಲಿಯೂ ಪಲ್ಲಕ್ಕಿ ಹೊತ್ತವರು ಹೇಳುವ ಮಾತು ಇದೇ: "ನಾವು ಒಯ್ಯಾಕತ್ತಿಲ್ರೀ, ಅದ ಎಳೀತೈತಿ." ಸಾವಿರಾರು ಮೈಲು ದೂರದ ಎರಡು ಜನಾಂಗಗಳು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಮಾತನ್ನು ಆಡುತ್ತಿರುವುದು ಸೋಜಿಗವಲ್ಲವೆ?

ಚಿಂಚಲಿಯ ಜಾತ್ರೆ ಮಾಘದ ಹುಣ್ಣಿಮೆಗೇ ಏಕೆ ಬಂದಿತು ಎಂದು ಕೇಳಿದರೆ ಪುರಾಣ ಒಂದು ಉತ್ತರ ಕೊಟ್ಟೀತು. ಹೊಲ ಇನ್ನೊಂದು ಉತ್ತರವನ್ನು ಕೊಡುತ್ತದೆ. ಫೆಬ್ರುವರಿಯ ಹೊತ್ತಿಗೆ ಕಪ್ಪುನೆಲದ ಹಿಂಗಾರಿ ಜೋಳ ತೆನೆಗಟ್ಟಿರುತ್ತದೆ. ಎಡೆ ಹೊಡೆಯುವ, ಕಳೆ ತೆಗೆಯುವ ಕೆಲಸ ಮುಗಿದಿರುತ್ತದೆ; ಕೊಯ್ಲು ಇನ್ನೂ ತುಸು ದೂರವಿರುತ್ತದೆ. ಎಳೆಯ ತೆನೆಯನ್ನು ಸುಟ್ಟು ಸೀತನಿ ಉಜ್ಜಿ ತಿನ್ನುವ ಕಾಲವದು. ಎತ್ತುಗಳಿಗೂ ಒಕ್ಕಲಿಗನಿಗೂ ವರ್ಷದಲ್ಲಿ ನಾಲ್ಕು ದಿನದ ಬಿಡುವು ದೊರೆಯುವುದು ಆಗಲೇ. ದಾರಿಯ ಹಳ್ಳ ನದಿಗಳಲ್ಲಿ ನೀರು ಇಳಿದಿರುತ್ತದೆ, ಚಕ್ಕಡಿ ದಾಟಬಹುದು. ಹಗಲಿನ ಬಿಸಿಲಿನಲ್ಲಿ ಎತ್ತನ್ನು ದಣಿಸದೆ ರಾತ್ರಿ ನಡೆಯಬೇಕಾದರೆ ಬೆಳಕು ಬೇಕು. ಶುಕ್ಲಪಕ್ಷದ ಚಂದ್ರ ಆ ಬೆಳಕನ್ನು ಪುಕ್ಕಟೆಯಾಗಿ ಒದಗಿಸುತ್ತಾನೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಇದೇ ಹುಣ್ಣಿಮೆಗೆ ಜನ ಮುಗಿಬೀಳುವುದಕ್ಕೂ ಇದೇ ಕಾರಣವಿದ್ದೀತು. ಕಬ್ಬು ಬಂದಮೇಲೆ ಈ ಲೆಕ್ಕ ಸ್ವಲ್ಪ ತಪ್ಪಿದೆ. ಕಾರ್ಖಾನೆಗಳು ನುರಿಸುವ ಕಾಲ ಜಾತ್ರೆಯ ಕಾಲದೊಂದಿಗೆ ಕೂಡುತ್ತದೆ. ಹೊಲದಲ್ಲಿ ಕಬ್ಬು ಕಡಿಯುವ ತಂಡ ಬಂದು ನಿಂತಿರುವಾಗ ಒಡೆಯನು ಚಿಂಚಲಿಗೆ ಹೊರಡುವುದು ಸುಲಭವಲ್ಲ.

ಮಾಯಕ್ಕ ಈ ನೆಲದವಳಲ್ಲ ಎಂದು ಜನರೇ ಹೇಳುತ್ತಾರೆ. ಆಕೆ ಮಾಣದೇಶದಿಂದ ಬಂದವಳು. ಕೀಲ, ಕಿಟ್ಟ ಎಂಬ ಇಬ್ಬರು ದೈತ್ಯರನ್ನು ಬೆನ್ನಟ್ಟಿಕೊಂಡು ಬಂದು ಚಿಂಚಲಿಯಲ್ಲಿ ಅವರನ್ನು ಸಂಹರಿಸಿ ಅಲ್ಲಿಯೇ ನೆಲೆನಿಂತಳೆಂಬುದು ಐತಿಹ್ಯ. ಮಾಣದೇಶವೆಂದರೆ ಮಹಾರಾಷ್ಟ್ರದ ಸಾತಾರಾ, ಸಾಂಗಲಿ, ಸೋಲಾಪುರ ಜಿಲ್ಲೆಗಳಲ್ಲಿ ಮಾಣ ನದಿಯ ಆಸುಪಾಸಿಗೆ ಹರಡಿದ ಪ್ರದೇಶ. ಮಳೆ ಕಡಿಮೆ, ಹುಲ್ಲುಗಾವಲೇ ಬದುಕು. ಅಲ್ಲಿಯ ಕುರುಬರಿಗೆ ಮರಾಠಿಯಲ್ಲಿ ಧನಗರರೆಂದು ಹೆಸರು. ಮೇವು ತೀರಿದಾಗ ಅವರು ಕುರಿಹಿಂಡುಗಳನ್ನು ಹೊಡೆದುಕೊಂಡು ನದಿಯ ಕಣಿವೆಗಳಿಗೆ ಇಳಿಯುತ್ತಿದ್ದರು. ಕೃಷ್ಣಾತೀರದ ಒಕ್ಕಲಿಗನಿಗೆ ಅವರ ಬರವು ಬೇಕಾದದ್ದೇ ಆಗಿತ್ತು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆ. ಅದಕ್ಕೆ ಪ್ರತಿಯಾಗಿ ಕುರುಬನಿಗೆ ಕಾಳು ದೊರೆಯುತ್ತದೆ. ಕುರಿ ಬಂದ ದಾರಿಯಲ್ಲಿ ಕುರುಬ ಬಂದ. ಕುರುಬ ಬಂದ ದಾರಿಯಲ್ಲಿ ಆತನ ದೇವತೆಯೂ ಬಂದಳು. ಪಶುಪಾಲಕರ ದೇವತೆಗಳಿಗೂ ಅವರ ವಲಸೆಯ ಹಾದಿಗಳಿಗೂ ಇರುವ ನಂಟನ್ನು ಗುಂಥರ್ ಸೊಂಥೈಮರ್ ಎಂಬ ಜರ್ಮನ್ ವಿದ್ವಾಂಸರು ಊರೂರು ಅಲೆದು ಅಭ್ಯಾಸಮಾಡಿ 1976ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕನ್ನಡದಲ್ಲಿ ಶಂಬಾ ಜೋಶಿಯವರ 'ಹಾಲುಮತ ದರ್ಶನ' ಇದೇ ಕ್ಷೇತ್ರದಲ್ಲಿ ಮೊದಲು ಹೆಜ್ಜೆಯಿಟ್ಟ ಕೃತಿ.

ಹಾಲುಮತದ ಡೊಳ್ಳಿನ ಪದಗಳಲ್ಲಿ ಮಾಯಕ್ಕ ಬೀರಪ್ಪನ ಅಕ್ಕ. ಹೆತ್ತ ತಾಯಿಯಿಂದ ಅಗಲಿ ಅಡವಿಯ ಪಾಲಾದ ಕೂಸು ಬೀರಪ್ಪನನ್ನು ಎತ್ತಿಕೊಂಡು ಸಾಕಿದವಳು ಈಕೆ. ಹೆತ್ತವಳಿಗಿಂತ ಸಾಕಿದವಳನ್ನು ಹಾಡಿನವರು ಹೆಚ್ಚು ಕೊಂಡಾಡುತ್ತಾರೆ. ಸಾಂಗಲಿ ಜಿಲ್ಲೆಯ ಆರೇವಾಡಿಯಲ್ಲಿ ತಮ್ಮನ ಗುಡಿ, ರಾಯಬಾಗ ತಾಲ್ಲೂಕಿನಲ್ಲಿ ಅಕ್ಕನ ಗುಡಿ. ನಡುವೆ 1956ರಲ್ಲಿ ರಾಜ್ಯಗಳ ಗಡಿ ಬಂದಿತು. ಅಕ್ಕತಂಗಿಯರನ್ನು, ಅಣ್ಣತಮ್ಮಂದಿರನ್ನು ಗಡಿಗಳು ಬೇರೆ ಮಾಡಿದ ಕತೆಗಳು ಲೋಕದಲ್ಲಿ ಬಹಳ. ಈ ಅಕ್ಕತಮ್ಮಂದಿರ ಭಕ್ತರು ಮಾತ್ರ ಗಡಿಯಿದೆಯೆಂಬುದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ನನ್ನ ಬಾಲ್ಯದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1969ರ ಸುಮಾರಿನ ಮಾತು. ನಮ್ಮದು ಕೃಷ್ಣೆಯ ಉತ್ತರದಂಡೆಯ ಹಳ್ಳಿ. ಅಜ್ಜ, ಆಯಿ, ಕಾಕಾ, ನಾನು ಒಂದೇ ಚಕ್ಕಡಿಯಲ್ಲಿ ಹೊರಟಿದ್ದೆವು. ಬಂಡಿಯ ತಳದಲ್ಲಿ ಕಣಿಕೆಯ ಹೊರೆ, ಅದರ ಮೇಲೆ ಕೌದಿ, ಮೂಲೆಯಲ್ಲಿ ಬುತ್ತಿಯ ಗಂಟು. ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ಮೂರು ದಿನಕ್ಕೆ ಸಾಲುವಷ್ಟು. ನದಿಯನ್ನು ದಾಟುವಾಗ ಬಂಡಿಯ ಗಾಲಿ ಉಸುಕಿನಲ್ಲಿ ಹೂತುಹೋಯಿತು. ಎತ್ತುಗಳು ಮೊಣಕಾಲೂರಿದರೂ ಬಂಡಿ ಅಲುಗದು. ಅಜ್ಜ ನೊಗಕ್ಕೆ ಹೆಗಲು ಕೊಟ್ಟರು, ಕಾಕಾ ಗಾಲಿಗೆ ಕೈ ಹಾಕಿದರು. ಹಿಂದಿನಿಂದ ಬರುತ್ತಿದ್ದ ಬಂಡಿಯಿಂದ ಮುಂಡಾಸು ಸುತ್ತಿದ ಮೂವರು ಧುಮುಕಿ, "ಥಾಂಬಾ, ಪಾವಣಂ" ಎನ್ನುತ್ತ ಓಡಿಬಂದರು. ನಿಲ್ಲಿರಿ ಬೀಗರೇ ಎಂದು ಅದರ ಅರ್ಥ. ಅವರಿಗೆ ಕನ್ನಡ ಬಾರದು, ಆಯಿಗೆ ಮರಾಠಿ ಅಷ್ಟಕ್ಕಷ್ಟೆ. ಗಾಲಿ ಮೇಲೆದ್ದಮೇಲೆ ಎರಡೂ ಬಂಡಿಗಳು ದಂಡೆಯ ಮೇಲೆ ನಿಂತವು. ಬುತ್ತಿ ಬಿಚ್ಚಿದರು. ನಮ್ಮ ಮಾದಲಿ ಅವರ ಕೈಗೆ, ಅವರ ಬಾಜ್ರಿಯ ಭಾಕ್ರಿ ನಮ್ಮ ಕೈಗೆ. ಸಜ್ಜೆ ಎಂದರೂ ಬಾಜ್ರಿ ಎಂದರೂ ಧಾನ್ಯ ಒಂದೇ ಎಂಬುದು ನನಗೆ ತಿಳಿದದ್ದು ಆ ರಾತ್ರಿ.

"ಆಯೀ, ಇವರ ದೇವರೂ ಮಾಯವ್ವನೇನು?" ಎಂದು ಕೇಳಿದೆ.

"ಅವರ ದೇವರನs ನಾವು ಇಸಕೊಂಡೀವಿ, ತಮ್ಮಾ," ಎಂದರು ಆಯಿ.

ಎಂ.ಎ. ಓದುವಾಗ ಸಂಸ್ಕೃತಿಗಳ ಕೊಡುಕೊಳೆಯ ಮೇಲೆ ಅನೇಕ ಪುಸ್ತಕಗಳನ್ನು ಓದಿದೆ. ಆಯಿಯ ಮಾತು ಅವೆಲ್ಲವುಗಳಿಗಿಂತ ಚಿಕ್ಕದಾಗಿತ್ತು.

ಚಿಂಚಲಿಯನ್ನು ಸೇರಿದಾಗ ಮೊದಲು ಕಣ್ಣಿಗೆ ಹೊಡೆದದ್ದು ಹಳದಿ ಬಣ್ಣ. ಭಕ್ತರು ಭಂಡಾರವನ್ನು, ಎಂದರೆ ಅರಿಸಿನದ ಪುಡಿಯನ್ನು, ಬೊಗಸೆ ತುಂಬಿ ಮೇಲಕ್ಕೆ ತೂರುತ್ತಾರೆ. ಹಣೆ, ಮುಂಡಾಸು, ಎತ್ತಿನ ಕೋಡು, ನೆಲ ಎಲ್ಲವೂ ಹಳದಿ. ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯ ಬೀರದೇವರ ಜಾತ್ರೆಯಲ್ಲಿಯೂ, ಪುಣೆಯ ಬಳಿಯ ಜೆಜೂರಿಯ ಖಂಡೋಬನ ಗುಡ್ಡದಲ್ಲಿಯೂ ಈ ನೋಟವನ್ನು ಕಾಣಬಹುದು. ಅರಿಸಿನ ಮಂಗಳದ್ರವ್ಯವೆಂಬ ನಂಬಿಕೆ ಭಾರತದಲ್ಲೆಲ್ಲ ಉಂಟು. ಆದರೆ ಹೀಗೆ ಸೇರುಗಟ್ಟಲೆ ತೂರುವ ಧಾರಾಳ ಈ ಭಾಗಕ್ಕೆ ಹೇಗೆ ಬಂದಿತು? ಕೃಷ್ಣೆಯ ಕಣಿವೆಯೇ ಅರಿಸಿನದ ನೆಲ. ಸಾಂಗಲಿ ಅರಿಸಿನದ ಬಹುದೊಡ್ಡ ಪೇಟೆ. ಮುಂಗಾರಿಗೆ ಸ್ವಲ್ಪ ಮೊದಲು ಊರಿದ ಗಡ್ಡೆ ಎಂಟು ಒಂಬತ್ತು ತಿಂಗಳಿಗೆ ಕೀಳಲು ಬರುತ್ತದೆ. ಕಿತ್ತು, ಬೇಯಿಸಿ, ಒಣಗಿಸುವ ಕೆಲಸ ಜನವರಿಯಿಂದ ಮಾರ್ಚಿಯವರೆಗೆ ನಡೆಯುತ್ತದೆ. ಜಾತ್ರೆ ಅದರ ನಡುವೆ ಬರುತ್ತದೆ. ಹೊಲ ಕೊಟ್ಟದ್ದನ್ನು ದೇವತೆಯ ಮೇಲೆ ತೂರುತ್ತಾರೆಂದು ನಾನು ತಿಳಿದಿದ್ದೇನೆ. ಹಬ್ಬದ ಬಣ್ಣವನ್ನು ತಿಳಿಯಬೇಕಾದರೆ ಒಮ್ಮೆ ಹೊಲದ ಕಡೆಗೂ ನೋಡಬೇಕಾಗುತ್ತದೆ.

ಜಾತ್ರೆಯ ಬಯಲಿನಲ್ಲಿ ದನಗಳದ್ದೇ ಒಂದು ಲೋಕ. ಬಿಳಿಮೈ, ಹಿಂದಕ್ಕೆ ಬಾಗಿದ ನೀಳ ಕೋಡು, ಮುಟ್ಟಿದರೆ ಚಿಮ್ಮುವ ಚುರುಕಿನ ಖಿಲಾರಿ ಎತ್ತುಗಳು ಮಾಯಕ್ಕನಂತೆಯೇ ಮಾಣದೇಶದ ಕಡೆಯವು. ಕಪ್ಪುನೆಲದಲ್ಲಿ ಭಾರವಾದ ನೇಗಿಲನ್ನು ಎಳೆಯಲೆಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಸಂಸ್ಥಾನದ ಆಶ್ರಯದಲ್ಲಿ ಬೆಳೆದುಬಂದ ಕೃಷ್ಣಾಕಣಿವೆ ತಳಿ ಇನ್ನೊಂದು. ದೊಡ್ಡ ಮೈಯ, ಸೌಮ್ಯ ಸ್ವಭಾವದ ಆ ಎತ್ತುಗಳು ಈಗ ಬಹಳ ವಿರಳ. ಟ್ರ್ಯಾಕ್ಟರು ಬಂದಮೇಲೆ ಅವುಗಳ ಕೆಲಸವೇ ಹೋಯಿತು. ಕೆಲಸ ಹೋದಮೇಲೆ ಸಾಕುವವರು ಕಡಿಮೆಯಾದರು. ಖಿಲಾರಿಯನ್ನು ಉಳಿಸಿದ್ದರಲ್ಲಿ ಓಟದ ಪಾಲೂ ಉಂಟು. ಬಂಡಿಯ ಓಟಗಳನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿಷೇಧಿಸಿತ್ತು. ಕರ್ನಾಟಕವು 2017ರಲ್ಲಿ ಕಾಯಿದೆಗೆ ತಿದ್ದುಪಡಿ ತಂದಿತು. 2023ರಲ್ಲಿ ನ್ಯಾಯಾಲಯ ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಚಾವಟಿಯ ಬರೆ ಎತ್ತಿನ ಬೆನ್ನ ಮೇಲೆ ಬೀಳದಂತೆ ನೋಡಿಕೊಳ್ಳುವ ಹೊಣೆ ಈಗ ಓಡಿಸುವವರದು.

ಈ ಐದು ತಾಲ್ಲೂಕುಗಳಲ್ಲಿ ಚಿಂಚಲಿಯೊಂದೇ ಅಲ್ಲ. ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಯಡೂರಿನಲ್ಲಿ ವೀರಭದ್ರನಿದ್ದಾನೆ. ಕಾಗವಾಡ ತಾಲ್ಲೂಕಿನ ಮಂಗಸೂಳಿಯಲ್ಲಿ ಖಂಡೋಬ. ಕನ್ನಡಿಗರಿಗೆ ಆತ ಮಲ್ಲಯ್ಯ. ನಿಪ್ಪಾಣಿ ತಾಲ್ಲೂಕಿನ ಅಪ್ಪಾಚಿವಾಡಿ ಮತ್ತು ಕುರ್ಲಿಗಳಲ್ಲಿ ಹಾಲಸಿದ್ಧನಾಥ. ಅಲ್ಲಿಯ ಜಾತ್ರೆಯಲ್ಲಿ 'ಭಾಕಣೂಕ' ಎಂಬ ಭವಿಷ್ಯನುಡಿಯಾಗುತ್ತದೆ. ಮೈಲಾರದ ಕಾರಣಿಕವನ್ನು ಬಲ್ಲವರಿಗೆ ಇದು ಹೊಸದೆನಿಸದು. ಮಳೆ ಎಷ್ಟು, ಬೆಳೆ ಹೇಗೆ, ಧಾರಣೆ ಏನಾದೀತು ಎಂಬುದನ್ನು ಕೇಳಲು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಅಥಣಿ ತಾಲ್ಲೂಕಿನ ಕೊಕಟನೂರಿನ ಯಲ್ಲಮ್ಮನ ಹೆಸರನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಬಡವರ, ಅದರಲ್ಲಿಯೂ ಅಸ್ಪೃಶ್ಯರೆಂದು ಕರೆಸಿಕೊಂಡವರ ಮನೆಯ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಈ ಸೀಮೆಯಲ್ಲಿ ಬಹುಕಾಲ ಬೇರುಬಿಟ್ಟಿತ್ತು. ದೇವರ ಹೆಸರಿನಲ್ಲಿ ಮನುಷ್ಯರು ಆ ಮಕ್ಕಳ ಬದುಕನ್ನು ಹಾಳುಮಾಡಿದರು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೂ ಕರ್ನಾಟಕದಲ್ಲಿ 1982ರಲ್ಲಿಯೂ ಇದರ ವಿರುದ್ಧ ಕಾಯಿದೆಗಳಾದವು. ಕಾಯಿದೆಗಿಂತ ದೊಡ್ಡ ಕೆಲಸವನ್ನು ಮಾಡಿದವರು ಆ ನೋವನ್ನು ಉಂಡ ಹೆಂಗಸರೇ. ತಾವು ಸಂಘಟಿತರಾಗಿ, ಜಾತ್ರೆಗಳಲ್ಲಿ ಕಾವಲು ನಿಂತು, ಇನ್ನೊಂದು ಕೂಸು ತಮ್ಮ ದಾರಿಗೆ ಬಾರದಂತೆ ತಡೆದರು. ಪರಂಪರೆಯನ್ನು ಪ್ರೀತಿಸುವವನು ಅದರ ಗಾಯವನ್ನು ಮುಚ್ಚಿಡಬಾರದು. ಆದುದರಿಂದ ಇದನ್ನು ಇಲ್ಲಿ ಬರೆದಿದ್ದೇನೆ.

ಇನ್ನು ಬೇಸಗೆಯ ಉತ್ಸವಗಳನ್ನು ಕುರಿತು ಕೆಲವು ಮಾತು. ಚಿಂಚಲಿಯ ಜಾತ್ರೆ ಬಿಡುವಿನ ಹಬ್ಬವಾದರೆ ಬೇಸಗೆಯ ಕೊನೆಯಲ್ಲಿ ಬರುವ ಊರದೇವಿಯ ಹಬ್ಬಗಳ ಬೆನ್ನಿಗೆ ಅಂಜಿಕೆಯಿರುತ್ತಿತ್ತು. ಬಾವಿ ತಳ ಕಂಡಿರುತ್ತದೆ, ನೀರು ಕದಡಿರುತ್ತದೆ, ಮಳೆ ಇನ್ನೂ ಬಂದಿರುವುದಿಲ್ಲ. ಕಾಲರಾ, ಸಿಡುಬುಗಳು ಹಿಂದೆ ಹಳ್ಳಿಗೆ ಕಾಲಿಡುತ್ತಿದ್ದುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ. ಆಗ ಊರಿನವರು 'ವಾರ' ಹಿಡಿಯುತ್ತಿದ್ದರು. ಮಂಗಳವಾರ, ಶುಕ್ರವಾರಗಳಂದು ನೇಗಿಲು ಹೂಡುವಂತಿಲ್ಲ, ಒನಕೆ ಎತ್ತುವಂತಿಲ್ಲ. ಕೊನೆಗೆ ಒಂದು ದಿನ 'ಹೊರಬೀಡು'. ಬೆಳಗಾಗುವ ಮೊದಲೇ ಮನೆಗಳಿಗೆ ಕದವಿಕ್ಕಿ, ದನಕರು ಮಕ್ಕಳುಮರಿಗಳೊಡನೆ ಇಡೀ ಊರೇ ಹೊಲಗಳಿಗೆ ಹೊರಟುಬಿಡುವುದು. ಒಲೆ ಹೂಡುವುದು, ಉಣ್ಣುವುದು ಎಲ್ಲವೂ ಅಲ್ಲಿಯೇ. ಊರಲ್ಲಿ ಹೊಗೆಯಿಲ್ಲ, ನಾಯಿ ಬೊಗಳುವ ಸದ್ದೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹಿಂದಿರುಗುತ್ತಿದ್ದರು. ಬೆಳಗಾವಿ, ಧಾರವಾಡ ಸೀಮೆಯ ಕೆಲವು ಹಳ್ಳಿಗಳಲ್ಲಿ ಈ ಆಚರಣೆ ಈಗಲೂ ನಡೆಯುವುದುಂಟು.

ಇದರಲ್ಲಿ ಅರ್ಥವೇನಾದರೂ ಇತ್ತೆ? 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ಎರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೆ ಹಬ್ಬಿತು. ಪ್ಲೇಗು ಇಲಿಗಳ ರೋಗ. ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಿದಾಗ ಅದು ನಮಗೆ ತಗಲುತ್ತದೆ. ಇಲಿಗಳಿರುವ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರು ಉಳಿದರು. ಹೊರಬೀಡನ್ನು ಬಲ್ಲ ಜನಕ್ಕೆ ಊರು ಬಿಡುವುದು ಹೊಸ ಪಾಠವಾಗಿರಲಿಲ್ಲ. ಹಾಗೆಂದು ನಮ್ಮ ಹಿರಿಯರಿಗೆ ರೋಗಾಣುಗಳ ಅರಿವಿತ್ತೆಂದು ಹೆಮ್ಮೆಪಡುವುದು ಸಲ್ಲದು. ಒಂದು ದಿನ ಊರು ಬಿಟ್ಟು ಸಂಜೆ ಮರಳಿದರೆ ಪ್ಲೇಗು ಹೋಗುವುದಿಲ್ಲ, ತಿಂಗಳುಗಟ್ಟಲೆ ಬಿಟ್ಟಿರಬೇಕಾಗುತ್ತದೆ. ಅಲ್ಲದೆ ರೋಗದ ದೇವಿಯನ್ನು ಪುಟ್ಟ ಗಾಡಿಯಲ್ಲಿ ಕೂರಿಸಿ ಊರ ಗಡಿ ದಾಟಿಸಿ ಬರುವ ರೂಢಿಯೂ ಈ ಭಾಗದಲ್ಲಿತ್ತು. ನೆರೆಯೂರಿನವರು ಅದನ್ನು ಮುಂದಿನೂರಿಗೆ ಸಾಗಿಸಬೇಕು. ನಮ್ಮ ಕಷ್ಟ ಪಕ್ಕದವನ ಹೊಲಕ್ಕೆ ಹೋಗಲಿ ಎಂಬ ಈ ಬಗೆಯನ್ನು ಮೆಚ್ಚುವುದು ಕಷ್ಟ.

ಜಾತ್ರೆಯೇ ರೋಗಕ್ಕೆ ದಾರಿಯಾದದ್ದೂ ಉಂಟು. ಸಾವಿರಾರು ಜನ ಒಂದೇ ಹಳ್ಳದ ನೀರನ್ನು ಕುಡಿದು, ಅಲ್ಲಿಯೇ ಮಿಂದು, ಮೂರು ದಿನದ ಮೇಲೆ ನೂರು ದಿಕ್ಕಿಗೆ ಚದರಿದರೆ ಕಾಲರಾ ಅವರೊಡನೆ ನೂರು ಊರುಗಳಿಗೆ ಹೋಗುತ್ತದೆ. ಕಲುಷಿತ ನೀರಿನಿಂದ ಕಾಲರಾ ಹರಡುವುದೆಂದು ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲಿಯೇ ತೋರಿಸಿಕೊಟ್ಟಿದ್ದರು. ಆ ತಿಳಿವಳಿಕೆ ನಮ್ಮ ಜಾತ್ರೆಗಳವರೆಗೆ ಬರಲು ಬಹಳ ಕಾಲ ಹಿಡಿಯಿತು. ನನ್ನ ಬಾಲ್ಯದಲ್ಲಿ ಜಾತ್ರೆಗೆ ಹೊರಟವರ ತೋಳಿಗೆ ಸೂಜಿ ಚುಚ್ಚುವ ಕಾಂಪೌಂಡರನನ್ನು ಕಂಡು ಹುಡುಗರು ಬಂಡಿಯ ಕಣಿಕೆಯೊಳಗೆ ಅಡಗುತ್ತಿದ್ದೆವು.

ಜಪಾನಿನಲ್ಲಿಯೂ ಬೇಸಗೆಯ ಮತ್ಸುರಿಗಳ ಹುಟ್ಟು ಇಂಥದೇ. ವಸಂತದ ಉತ್ಸವ ನಾಟಿಗಾಗಿ, ಶರತ್ಕಾಲದ ಉತ್ಸವ ಸುಗ್ಗಿಗಾಗಿ, ಬೇಸಗೆಯದು ರೋಗನಿವಾರಣೆಗಾಗಿ. ಕ್ರಿ.ಶ. 869ರಲ್ಲಿ ಕ್ಯೋಟೊ ನಗರದಲ್ಲಿ ಪಿಡುಗು ಹಬ್ಬಿದಾಗ, ಆ ದೇಶದ ಪ್ರಾಂತಗಳ ಲೆಕ್ಕದಂತೆ 66 ಈಟಿಗಳನ್ನು ನೆಟ್ಟು ಪೂಜಿಸಿದರಂತೆ. ಗಿಯೊನ್ ಉತ್ಸವದ ಆರಂಭ ಅದು. ಅದೇ ದೇವತೆಯನ್ನು ಸುಮಾರು 350 ವರ್ಷಗಳ ಹಿಂದೆ ನೋಟೊ ಪರ್ಯಾಯದ್ವೀಪದ ಉಶಿತ್ಸು ಎಂಬ ಕಡಲತಡಿಯ ಪುಟ್ಟ ಊರಿನವರು, ತಮ್ಮಲ್ಲಿಯೂ ರೋಗ ಹಬ್ಬಿದಾಗ, ಬರಮಾಡಿಕೊಂಡರು. ನಾವು ಮಾಯಕ್ಕನನ್ನು 'ಇಸಕೊಂಡಂತೆ' ಅವರು ಆ ದೇವತೆಯನ್ನು ಇಸಕೊಂಡರೆನ್ನಬಹುದು. ಜುಲೈ ತಿಂಗಳ ಮೊದಲ ವಾರದಲ್ಲಿ ಅಲ್ಲಿ ನಡೆಯುವ ಉತ್ಸವಕ್ಕೆ 'ಅಬಾರೆ' ಎಂದು ಹೆಸರು. ದಾಂಧಲೆ ಎಂದು ಅದರ ಅರ್ಥ. ಸುಮಾರು 7 ಮೀಟರು ಎತ್ತರದ 'ಕಿರಿಕೊ' ಎಂಬ ದೀಪಸ್ತಂಭಗಳು, ಬಹುತೇಕ ನಲವತ್ತು, ರಾತ್ರಿಯಿಡೀ ಊರು ಸುತ್ತುತ್ತವೆ. ಮಿಕೊಶಿಯನ್ನು ನೆಲಕ್ಕೆ ಅಪ್ಪಳಿಸುತ್ತಾರೆ, ನೀರಿಗೆ ಎಸೆಯುತ್ತಾರೆ, ಬೆಂಕಿಗೆ ಒಡ್ಡುತ್ತಾರೆ. ದೇವರ ಪಲ್ಲಕ್ಕಿಯನ್ನು ಹೀಗೆ ನಡೆಸಿಕೊಳ್ಳಬಹುದೆ ಎಂದು ನಮಗೆ ಅನಿಸೀತು; ಈ ದೇವರಿಗೆ ದಾಂಧಲೆಯೇ ಪ್ರಿಯವೆಂದು ಅವರ ನಂಬಿಕೆ.

ಆ ಊರಿನ ತರುಣರು ಓದಿಗೆ, ಉದ್ಯೋಗಕ್ಕೆ ನಗರಗಳನ್ನು ಸೇರಿದ್ದಾರೆ. ಕಿರಿಕೊ ಹೊರಲು ಹೆಗಲುಗಳೇ ಸಾಲವು. ಹೊಸವರ್ಷಕ್ಕೆ ಬಾರದವರು ಹಬ್ಬಕ್ಕೆ ಬಂದೇ ಬರುತ್ತಾರೆಂದು ನೋಟೊದ ಜನರ ಮಾತು. ನಮ್ಮ ಹುಡುಗರೂ ಪುಣೆ, ಮುಂಬಯಿ, ಬೆಂಗಳೂರುಗಳಿಂದ ಜಾತ್ರೆಗೆ ಬಂದು ಪಲ್ಲಕ್ಕಿಗೆ ಹೆಗಲು ಕೊಟ್ಟು ಮರುದಿನ ಹೊರಟುಹೋಗುವುದನ್ನು ನೀವು ಕಂಡಿರುತ್ತೀರಿ. ನಿಮ್ಮಲ್ಲಿ ಕೆಲವರ ಅಣ್ಣಂದಿರೇ ಹಾಗೆ ಬಂದುಹೋಗುತ್ತಿರಬಹುದು.

2020ರಲ್ಲಿ ಕೊರೊನಾ ಬಂದಾಗ ರೋಗ ಓಡಿಸಲೆಂದು ಹುಟ್ಟಿದ ಉತ್ಸವಗಳನ್ನೇ ರೋಗದ ಭಯದಿಂದ ನಿಲ್ಲಿಸಬೇಕಾಯಿತು. ಗಿಯೊನ್ ಉತ್ಸವದ ರಥಯಾತ್ರೆ 2020, 2021 ಎರಡೂ ವರ್ಷ ನಡೆಯಲಿಲ್ಲ. ಇತ್ತ ಚಿಂಚಲಿಯ ಗುಡಿಯೂ ಭಕ್ತರಿಗೆ ಮುಚ್ಚಿತ್ತು. ಗಡಿಯಾಚೆಯ ಬಂಡಿಗಳು ಆಚೆಯೇ ಉಳಿದವು. ನಮ್ಮೂರಿನ ಮುದುಕಿಯೊಬ್ಬಳು ಮನೆಯ ಮಾಳಿಗೆ ಹತ್ತಿ, ಚಿಂಚಲಿಯ ದಿಕ್ಕಿಗೆ ತಿರುಗಿ, ಚಿಟಿಕೆ ಭಂಡಾರ ತೂರಿ ಕೈಮುಗಿದು ಇಳಿದದ್ದನ್ನು ನಾನು ನೋಡಿದೆ. ಕಾಲರಾದ ಕಾಲದಲ್ಲಿ ಇಷ್ಟು ವಿವೇಕ ತೋರಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದೂ ಅನಿಸಿತು.

ಅದಕ್ಕೂ ಮುನ್ನಿನ ವರ್ಷ, 2019ರ ಆಗಸ್ಟ್‌ನಲ್ಲಿ, ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಈ ಐದೂ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಜನ ಗಂಜಿಕೇಂದ್ರಗಳಲ್ಲಿ ದಿನ ಕಳೆದರು; ಗೋಡೆ ಕುಸಿದ ಮನೆಗಳಿಗೆ ಲೆಕ್ಕವಿಲ್ಲ. ನೋಟೊ ಪರ್ಯಾಯದ್ವೀಪದಲ್ಲಿ 2024ರ ಜನವರಿ 1ರಂದು 7.6 ಪ್ರಮಾಣದ ಭೂಕಂಪವಾಯಿತು. ಉಶಿತ್ಸುವಿನಲ್ಲಿ ಮನೆಗಳು ಬಿದ್ದವು, ರಸ್ತೆಗಳು ಬಾಯಿಬಿಟ್ಟವು. ಆ ವರ್ಷ ಸುತ್ತಲಿನ ಅನೇಕ ಊರುಗಳು ಹಬ್ಬವನ್ನು ಕೈಬಿಟ್ಟವು. ಉಶಿತ್ಸುವಿನವರು ಬಹಳ ಹೊತ್ತು ಚರ್ಚಿಸಿ, ಜುಲೈ 5 ಮತ್ತು 6ರಂದು ಅಬಾರೆಯನ್ನು ನಡೆಸಿದರು. ಒಡೆದ ಬೀದಿಗಳಲ್ಲಿ ಕಿರಿಕೊ ದೀಪಗಳು ಸಾಗಿದವು. ಮನೆ ಇಲ್ಲದವರಿಗೆ ಹಬ್ಬ ಏಕೆ ಎಂದು ಕೇಳುವುದು ಸುಲಭ. ನಮ್ಮ ಕಡೆ ಹೊಳೆ ಬಂದುಹೋದ ವರ್ಷ ಭಾರತ ಹುಣ್ಣಿಮೆಗೆ ನಮ್ಮೂರಿನಿಂದ ಚಕ್ಕಡಿಗಳು ಹೊರಟಾಗ, ಗೋಡೆಗೆ ಇನ್ನೂ ನೀರಿನ ಗೆರೆಯಿದ್ದ ಮನೆಯ ಒಡೆಯನನ್ನು ನಾನೂ ಅದೇ ಪ್ರಶ್ನೆ ಕೇಳಿದ್ದೆ. ಆತ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದವನು ತಲೆಯೆತ್ತಿ, "ಗುರುಗಳs, ಹ್ವಾದ ವರ್ಷ ಬರತೀನಂತ ಹೇಳಿ ಬಂದೀನ್ರೀ" ಎಂದ.

ಜಾತ್ರೆಗೆ ಹೋದವರು ಮೂರನೆಯ ದಿನ ಮರಳುತ್ತಾರೆ. ಬರುವಾಗ ಊರಲ್ಲಿ ಉಳಿದವರಿಗೆಲ್ಲ ಭಂಡಾರ ತರಬೇಕೆಂಬುದು ನಮ್ಮ ಕಡೆಯ ರೀತಿ. ಆಯಿ ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತರುತ್ತಿದ್ದರು. ಮನೆಮನೆಗೆ ಹೋಗಿ ಗಂಟು ಬಿಚ್ಚಿ ಹಣೆಗೆ ಹಚ್ಚುತ್ತಿದ್ದರು. ಬಾಣಂತಿಗೆ, ಕಾಲು ಮುರಿದು ಮಲಗಿದವನಿಗೆ, ಕಬ್ಬಿಗೆ ನೀರು ಹಾಯಿಸಲು ಹೊಲದಲ್ಲಿಯೇ ಉಳಿದ ಆಳಿಗೆ. ಆ ಸೀರೆಯ ಸೆರಗಿನ ಮೂಲೆ ಎಷ್ಟು ಒಗೆದರೂ ಬೇಸಗೆಯವರೆಗೆ ಹಳದಿಯಾಗಿಯೇ ಇರುತ್ತಿತ್ತು.